ಜಾರ್ಜ್ ಪಾಂಥಶಾಲೆಯ ಉಳಿದ ಪಾರ್ಶ್ವ

ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ಓದತಕ್ಕ ಈ ಪತ್ರಿಕೆಯಲ್ಲಿ ಪಾನಗೃಹವೊಂದರ ವರ್ಣನೆಗೆ ತೊಡಗಿರುವುದನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅವರ ಅಸಮಾಧಾನದಲ್ಲಿ ನಾವೂ ಭಾಗಿಗಳೇ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಉಪಾಧ್ಯಾಯ ವೃತ್ತಿಯಲ್ಲಿದ್ದ ನಾವು, ತಂದೆಯ ಕುಡಿತದ ದೆಸೆಯಿಂದ ಪುಸ್ತಕಕ್ಕೆ ದುಡ್ಡಿಲ್ಲದೆ ಶಾಲೆಯನ್ನು ಬಿಟ್ಟುಹೋದ ಹುಡುಗರನ್ನು ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿರುವೆವು. ಅವರಲ್ಲಿ ಒಬ್ಬನು, ಅಮರಕೋಶದ ಮೊದಲನೆಯ ಕಾಂಡವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದವನು, ಹದಿಮೂರನೆಯ ವಯಸ್ಸಿನಲ್ಲಿ ಮಂಡಿಯೊಂದರಲ್ಲಿ ಮೂಟೆ ಹೊರಲು ಹೋದನು. ಅವನ ಮುಖ ಇಂದಿಗೂ ನಮ್ಮ ಕಣ್ಣ ಮುಂದಿದೆ. ಆದುದರಿಂದ ಮದ್ಯ ಮಾರುವ ಸ್ಥಳ ಕಂಡರೆ ಬೀದಿಯ ಆಚೆಯ ಪಕ್ಕಕ್ಕೆ ದಾಟಿಹೋಗುವುದೇ ನಮ್ಮ ಅಭ್ಯಾಸ. ಹೀಗಿದ್ದೂ ಲಂಡನ್ ನಗರದಲ್ಲಿ ಅಂಥದೊಂದು ಮನೆಯ ಅಂಗಳದಲ್ಲಿ ಎರಡು ಗಂಟೆಗಳ ಕಾಲ ಕುಳಿತು ಬಂದೆವು. ಕುಳಿತುದಕ್ಕೆ ಪಶ್ಚಾತ್ತಾಪವೂ ಇಲ್ಲ. ಏಕೆಂಬುದನ್ನು ಹೇಳುವುದೇ ಈ ತಿಂಗಳ ಪ್ರಸ್ತಾವ.

ಕಳೆದ ವರ್ಷ ಬೇಸಗೆಯಲ್ಲಿ ಮಗಳ ಮನೆಗೆಂದು ಆ ನಗರಕ್ಕೆ ಹೋಗಿ ಕೆಲವು ವಾರ ಇದ್ದೆವು. ಒಂದು ದಿನ ಮಧ್ಯಾಹ್ನ ಅಳಿಯಂದಿರು, “ಮಾವ, ಮುನ್ನೂರು ವರ್ಷಕ್ಕೂ ಹಳೆಯದಾದ ಛತ್ರವೊಂದಿದೆ, ತೋರಿಸುತ್ತೇನೆ ಬನ್ನಿ” ಎಂದು ಹೊರಡಿಸಿದರು. ಛತ್ರವೆಂಬ ಮಾತಿಗೆ ನಾವು ಸೋತೆವು. ಹೆಬ್ಬಾಗಿಲಿನ ಬಳಿ ಬಂದು ಅಲ್ಲಿ ತೂಗುತ್ತಿದ್ದ ಫಲಕವನ್ನು ಓದಿದ ಮೇಲೆ ವಿಷಯ ತಿಳಿಯಿತು. “ಇದು ಪಬ್ ಅಲ್ಲವೇ?” ಎಂದೆವು. “ಛತ್ರವೂ ಹೌದು ಮಾವ. ನೀವು ಕಟ್ಟಡವನ್ನು ನೋಡಿ, ಕುಡಿಯುವವರನ್ನು ನೋಡಬೇಡಿ” ಎಂದು ಅವರು ನಕ್ಕರು. ಹಿಂದಿರುಗಿದರೆ ಮಗಳಿಗೆ ಬೇಸರವಾದೀತೆಂದು ಒಳಗೆ ಕಾಲಿಟ್ಟೆವು.

ಅಳಿಯಂದಿರ ಮಾತು ಸುಳ್ಳಾಗಿರಲಿಲ್ಲ. ಇಂದು ಆಂಗ್ಲರು ಇವೆಲ್ಲಕ್ಕೂ ಪಬ್ ಎಂಬ ಒಂದೇ ಹೆಸರನ್ನು ಹೇಳುವರಾದರೂ, ಪೂರ್ವಕಾಲದಲ್ಲಿ ಮೂರು ಬಗೆಯ ಮನೆಗಳಿದ್ದುವು. ಬಾರ್ಲಿಯಿಂದ ಮಾಡಿದ ಏಲ್ ಎಂಬ ಪಾನವನ್ನು ಮಾರುವ ಸಾಮಾನ್ಯರ ಮನೆ ಏಲ್‌ಹೌಸ್. ದ್ರಾಕ್ಷಾಮದ್ಯವನ್ನು ಮಾರುವ, ಸ್ವಲ್ಪ ಉಳ್ಳವರ ಮನೆ ಟ್ಯಾವರ್ನ್. ಪ್ರಯಾಣಿಕನಿಗೆ ಊಟವನ್ನೂ ಹಾಸಿಗೆಯನ್ನೂ, ಅವನ ಕುದುರೆಗೆ ಲಾಯವನ್ನೂ ಹುಲ್ಲನ್ನೂ ಕೊಡತಕ್ಕ ಮನೆ ಇನ್. ಈ ಕಡೆಯದನ್ನು ಪಾಂಥಶಾಲೆಯೆಂದರೆ ತಪ್ಪಾಗಲಾರದು. ನಮ್ಮ ಛತ್ರ ಧರ್ಮಾರ್ಥ, ಅದು ಹಣಕ್ಕೆ, ಭೇದ ದೊಡ್ಡದೇ. ಆದರೆ ದಾರಿಯಲ್ಲಿ ಕತ್ತಲಾದವನಿಗೆ ಬೇಕಾದುದು ಎರಡರಲ್ಲಿಯೂ ಒಂದೇ. ನಾವು ನೋಡಿದ ಜಾರ್ಜ್ ಎಂಬುದು ಈ ಮೂರನೆಯ ಬಗೆಗೆ ಸೇರಿದುದು. ರಕ್ಕಸಸರ್ಪವನ್ನು ಕೊಂದನೆನ್ನುವ ಸಂತ ಜಾರ್ಜನ ಹೆಸರು ಅದಕ್ಕೆ ಬಂದಿರುವುದು.

ಅದು ಇರುವ ಸ್ಥಳವನ್ನು ಮೊದಲು ತಿಳಿಯಬೇಕು. ಸ್ಥಳವನ್ನು ತಿಳಿಯದೆ ಆ ಕಟ್ಟಡದ ಆಕಾರ ಅರ್ಥವಾಗದು. ಥೇಮ್ಸ್ ನದಿಯ ಉತ್ತರ ದಡದಲ್ಲಿ ಲಂಡನ್ನಿನ ಹಳೆಯ ಪಟ್ಟಣ, ದಕ್ಷಿಣ ದಡದಲ್ಲಿ ಸದರ್ಕ್ ಎಂಬ ಪೇಟೆ. ಇವೆರಡರ ನಡುವೆ ೧೨೦೯ರಲ್ಲಿ ಮುಗಿದ ಕಲ್ಲಿನ ಸೇತುವೆಯೊಂದೇ ಶತಮಾನಗಳವರೆಗೆ ದಾರಿ. ವೆಸ್ಟ್‌ಮಿನ್‌ಸ್ಟರಿನ ಸೇತುವೆ ಆದುದು ೧೭೫೦ರಲ್ಲಿ. ಆ ಹಳೆಯ ಸೇತುವೆಯ ಮೇಲೆ ಎರಡು ಪಕ್ಕಗಳಲ್ಲಿಯೂ ಮನೆಗಳು ತುಂಬಿ, ನಡುವೆ ಗಾಡಿಗೆ ಎಷ್ಟು ಬೇಕೋ ಅಷ್ಟೇ ಎಡೆ ಉಳಿದಿತ್ತು. ರಾತ್ರಿಯಾದರೆ ಅದರ ಬಾಗಿಲನ್ನು ಮುಚ್ಚುತ್ತಿದ್ದರು. ಕೆಂಟ್, ಸಸೆಕ್ಸ್, ಸರ್ರೆ ಸೀಮೆಗಳಿಂದಲೂ ಡೋವರಿನ ಕಡಲತೀರದಿಂದಲೂ ಬಂದ ಗಾಡಿಗಳೆಲ್ಲ ಆ ಇಕ್ಕಟ್ಟಿನ ಬಾಯಿಗೆ ಬಂದು ನಿಲ್ಲಬೇಕು. ಹೊತ್ತು ಮೀರಿ ಬಂದವನು ಇತ್ತಲೇ ತಂಗಬೇಕು. ಇದರಿಂದ ಸೇತುವೆಯ ದಕ್ಷಿಣಕ್ಕೆ ಹೋಗುವ ಒಂದೇ ಹೆದ್ದಾರಿಯ ಪೂರ್ವಪಕ್ಕದಲ್ಲಿ ಪಾಂಥಶಾಲೆಗಳು ಸಾಲಾಗಿ ಎದ್ದುವು. ೧೫೯೮ರಲ್ಲಿ ಲಂಡನ್ನಿನ ವಿವರಗಳನ್ನೆಲ್ಲ ಗ್ರಂಥವಾಗಿ ಬರೆದ ಜಾನ್ ಸ್ಟೋ ಎಂಬಾತನು ಇಲ್ಲಿಯ ಎಂಟು ಪಾಂಥಶಾಲೆಗಳ ಹೆಸರುಗಳನ್ನು ಒಂದೊಂದಾಗಿ ಹೇಳಿರುವನು. ಜಾರ್ಜ್ ಅವುಗಳಲ್ಲಿ ಒಂದು. ಚಾಸರ್ ಕವಿಯ ಯಾತ್ರಿಕರು ಕ್ಯಾಂಟರ್‌ಬರಿಗೆ ಹೊರಟ ಟ್ಯಾಬರ್ಡ್ ಎಂಬುದು ಅದರ ದಕ್ಷಿಣದ ನೆರೆ. ೧೪೫೦ರಲ್ಲಿ ದಂಗೆಯೆದ್ದ ಜ್ಯಾಕ್ ಕೇಡನು ಬೀಡುಬಿಟ್ಟ ವೈಟ್ ಹಾರ್ಟ್ ಉತ್ತರದ ನೆರೆ.

ಹೆದ್ದಾರಿಯ ಮಗ್ಗುಲಿನ ನೆಲಕ್ಕೆ ಬೆಲೆ ಹೆಚ್ಚಾದುದರಿಂದ ಒಬ್ಬೊಬ್ಬರಿಗೂ ಬೀದಿಯ ಕಡೆಗೆ ಅಗಲವಾದ ಮುಖ ಸಿಕ್ಕುವಂತಿರಲಿಲ್ಲ. ಮುಖ ಕಿರಿದು, ಹಿಂದಕ್ಕೆ ಉದ್ದ, ಕೋಲಿನಂಥ ನಿವೇಶನಗಳು. ಬೀದಿಗೆ ಒಂದು ಕಮಾನಿನ ಹೆಬ್ಬಾಗಿಲು. ಅದರೊಳಗೆ ಗಾಡಿ ನುಗ್ಗಿದರೆ ನೀಳವಾದ ಅಂಗಳ. ಅಂಗಳದ ಮೂರು ಕಡೆಗೂ ಮಹಡಿಗಳು. ಅವುಗಳ ಹಿಂದೆ ಇನ್ನೊಂದು ಅಂಗಳ, ಅಲ್ಲಿ ಲಾಯಗಳು. ನಮ್ಮ ಕಡೆಯ ತೊಟ್ಟಿಮನೆಯನ್ನು ಕಂಡವರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಆದರೆ ತೊಟ್ಟಿ ಮನೆಯವರ ಬಾಳಿಗೆ. ಈ ಅಂಗಳ ಗಾಡಿಗೆ. ನಾಲ್ಕು ಕುದುರೆಗಳ ಸಾರೋಟು ಒಳಗೆ ಬಂದು, ತಿರುಗಿ, ಹೊರಗೆ ಹೋಗಬೇಕಲ್ಲ! ಅಂಗಳದ ಅಗಲವನ್ನು ನಿರ್ಣಯಿಸಿದುದು ಶಿಲ್ಪಿಯ ಇಚ್ಛೆಯಲ್ಲ, ಕುದುರೆಗಾಡಿಯ ತಿರುವು ಎಂದು ನಮಗೆ ತೋರಿತು.

ಈಗ ಕಟ್ಟಡಕ್ಕೆ ಬರೋಣ. ಹೆಬ್ಬಾಗಿಲನ್ನು ದಾಟಿ ಒಳಗೆ ಹೋದರೆ ಬಲಗಡೆಯಲ್ಲಿ, ಎಂದರೆ ದಕ್ಷಿಣಕ್ಕೆ, ಅಂಗಳದ ಉದ್ದಕ್ಕೂ ಮೂರು ಅಂತಸ್ತಿನ ಮನೆಯೊಂದು ಸ್ವಲ್ಪ ಆಯಾಸಗೊಂಡವರಂತೆ ನಿಂತಿದೆ. ಅದರ ಒಂದು ಭಾಗದಲ್ಲಿ ಸಾದಾ ಇಟ್ಟಿಗೆಯ ಗೋಡೆ, ಮೇಲಕ್ಕೂ ಕೆಳಕ್ಕೂ ಸರಿಯುವ ಗಾಜಿನ ಕಿಟಕಿಗಳು. ಯಾವ ಆಂಗ್ಲ ಪಟ್ಟಣದಲ್ಲಿಯೂ ಕಾಣಬಹುದಾದಂಥದು. ಕಣ್ಣು ನಿಲ್ಲುವುದು ಇನ್ನೊಂದು ಭಾಗದಲ್ಲಿ. ಅಲ್ಲಿ ಮೊದಲನೆಯ ಮತ್ತು ಎರಡನೆಯ ಮಹಡಿಗಳ ಮುಂದೆ, ಒಂದರ ಮೇಲೊಂದು, ಮರದ ಕೈಸಾಲೆಗಳು. ಆಂಗ್ಲರು ಇದನ್ನು ಗ್ಯಾಲರಿಯೆನ್ನುವರು. ಮರದ ಕಂಬಗಳು, ಸಾಲಾಗಿ ನಿಲ್ಲಿಸಿದ ಸಣ್ಣ ಗೂಟಗಳ ಕಟಾಂಜನ, ಕಟಾಂಜನದ ಹಿಂದೆ ಬಾಗಿಲುಗಳು. ಯಾವ ಗೆರೆಯೂ ಸರಳವಾಗಿಲ್ಲ. ಅಡ್ಡ ತೊಲೆಗಳು ಸ್ವಲ್ಪ ತೂಗಿಬಿದ್ದಿವೆ, ಕಂಬಗಳು ಒಂದಕ್ಕೊಂದು ಒರಗಿದಂತಿವೆ. ಅಳತೆಗೋಲು ಹಿಡಿದವನಿಗೆ ಇದು ದೋಷ. ಆದರೆ ಮರ ಮುನ್ನೂರು ವರ್ಷಗಳ ಕಾಲ ಭಾರವನ್ನು ಹೊತ್ತು ಬಾಗಿದ ಬಗೆಯನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು.

ಮೊದಲು ನಮಗೆ ಆಶ್ಚರ್ಯವಾದುದು ಇದು: ಅಷ್ಟು ಚಳಿಯೂ ಮಳೆಯೂ ಇರುವ ದೇಶದಲ್ಲಿ ಮಲಗುವ ಕೋಣೆಯ ಬಾಗಿಲು ಬಯಲಿಗೆ ತೆರೆಯುವಂತೆ ಏಕೆ ಕಟ್ಟಿದರು? ಮಾಘಮಾಸದ ನಡುರಾತ್ರಿಯಲ್ಲಿ ಎದ್ದವನ ಗತಿಯೇನು? ಯೋಚಿಸಿದರೆ ಉತ್ತರ ಆ ಕೋಲಿನಂಥ ನಿವೇಶನದಲ್ಲಿಯೇ ಇದೆ. ಅಗಲವಿಲ್ಲದ ಜಾಗದಲ್ಲಿ ನಡುವೆ ಅಂಗಳಕ್ಕೆ ಬಿಟ್ಟು ಉಳಿದುದರಲ್ಲಿ ಒಂದು ಕೋಣೆಯ ಆಳಕ್ಕೆ ಮಾತ್ರ ಎಡೆ. ಒಳಗಡೆ ಓಡಾಡುವ ಪಡಸಾಲೆಯೊಂದನ್ನು ಕೊರೆದರೆ ಕೋಣೆ ಗೂಡಾಗುವುದು, ಪಡಸಾಲೆ ಕತ್ತಲಾಗುವುದು. ಓಡಾಟವನ್ನು ಗೋಡೆಯ ಹೊರಕ್ಕೆ ತೂಗುಹಾಕಿದರೆ ಕೋಣೆಗೆ ಪೂರ್ತಿ ಆಳವೂ ದಕ್ಕುವುದು, ದಾರಿಗೆ ಬೆಳಕೂ ದಕ್ಕುವುದು. ಮತ್ತೊಂದು ಲಾಭವೂ ಉಂಟು. ಗಾಡಿಯಲ್ಲಿ ಸರಕು ತಂದ ವರ್ತಕನಿಗೆ ರಾತ್ರಿಯೆಲ್ಲ ಚಿಂತೆ ಸರಕಿನದೇ. ಬಾಗಿಲು ತೆರೆದು ಕಟಾಂಜನಕ್ಕೆ ಕೈಯೂರಿ ಬಗ್ಗಿದರೆ ಅವನ ಗಾಡಿ, ಅವನ ಕುದುರೆ, ಅವನ ಆಳು ಎಲ್ಲವೂ ಕಣ್ಣಿನ ಕೆಳಗೆ. ಕೆಳಗಿನವನು ಮೇಲಿನವನನ್ನು ಕೂಗುವುದಕ್ಕೆ ಮೆಟ್ಟಲು ಹತ್ತಬೇಕಾಗಿಲ್ಲ. ಡಿಕನ್ಸ್ ಮಹಾಶಯನ ಪಿಕ್‌ವಿಕ್ ಕಥೆಯಲ್ಲಿ ಸ್ಯಾಮ್ ವೆಲರನು ನಮಗೆ ಮೊದಲು ಕಾಣುವುದು ಇಂಥದೇ ಅಂಗಳದಲ್ಲಿ, ನೆರೆಯ ವೈಟ್ ಹಾರ್ಟಿನಲ್ಲಿ, ಅತಿಥಿಗಳ ಜೋಡುಗಳನ್ನು ಉಜ್ಜುತ್ತಿರುವಾಗ. ಕೆಲಸದ ಹೆಂಗಸು ಮೇಲಿನ ಕಟಾಂಜನದಿಂದ ಅವನನ್ನು ಕೂಗುವಳು. ಆ ಸಂಭಾಷಣೆ ನಡೆಯುವಂತೆ ಮಾಡಿರುವುದೇ ಕಟ್ಟಡದ ರಚನೆ. ನಾವು ತರಗತಿಯಲ್ಲಿ ಆ ಭಾಗವನ್ನು ಎಷ್ಟೋ ಸಲ ಓದಿಸಿದ್ದೆವು. ಕೂಗಿದವಳು ಎಲ್ಲಿ ನಿಂತಿದ್ದಳೆಂಬುದು ತಿಳಿದುದು ನಿವೃತ್ತರಾದ ಮೇಲೆ.

ನೆಲದ ಅಂತಸ್ತಿನಲ್ಲಿ ಒಂದರೊಳಗೊಂದು ತೆರೆಯುವ ಹಲವು ಕೋಣೆಗಳು. ತಗ್ಗಿದ ಚಾವಣಿ, ಕಪ್ಪಾದ ತೊಲೆಗಳು, ಗೋಡೆಗೆ ಮರದ ಹಲಗೆಯ ಹೊದಿಕೆ. ಹಳೆಯ ಬಾರ್ ಎಂಬ ಕೋಣೆಯಲ್ಲಿ ದೊಡ್ಡ ಅಗ್ಗಿಷ್ಟಿಕೆಯುಂಟು. ಸಾರೋಟಿನ ಪ್ರಯಾಣಿಕರು ತಮ್ಮ ಗಾಡಿಗಾಗಿ ಕಾದು ಕುಳಿತಿರುತ್ತಿದ್ದುದು ಅಲ್ಲಿ. ನಡುವಣ ಕೋಣೆ ಕಾಫಿಯ ಕೋಣೆಯೆನಿಸಿದ್ದಿತು. ಮೇಲಿನ ಮಲಗುವ ಕೋಣೆಗಳು ಈಗ ಊಟದ ಕೋಣೆಗಳಾಗಿವೆ. ಒಂದೇ ದೊಡ್ಡ ಹಜಾರವನ್ನು ಕಟ್ಟದೆ ಹೀಗೆ ಕೋಣೆ ಕೋಣೆಯಾಗಿ ಮಾಡಿರುವುದನ್ನು ಕಂಡೊಡನೆ ನಮಗೆ ಕೌಟಿಲ್ಯನ ನೆನಪಾಯಿತು. ೧೯೦೯ರಲ್ಲಿ ಆರ್. ಶಾಮಾಶಾಸ್ತ್ರಿಗಳು ಮೈಸೂರಿನಲ್ಲಿ ಮೊತ್ತಮೊದಲು ಅಚ್ಚುಹಾಕಿಸಿ ಲೋಕಕ್ಕೆ ತೋರಿಸಿದ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವಲ್ಲಿ, ಪಾನಾಗಾರಕ್ಕೆ ಅನೇಕ ಕಕ್ಷ್ಯೆಗಳಿರಬೇಕು, ಹಾಸಿಗೆ ಪೀಠಗಳು ಬೇರೆ ಬೇರೆಯಾಗಿರಬೇಕು, ಗಂಧ ಮಾಲ್ಯ ಜಲಗಳಿರಬೇಕು, ಋತುವಿಗೆ ತಕ್ಕಂತೆ ಸುಖವಾಗಿರಬೇಕು ಎಂಬುದಾಗಿ ವಿಧಿಸಿದೆ. ಅಲ್ಲಿ ಗೂಢಚಾರರನ್ನು ಇರಿಸಿ, ಯಾರು ತಮ್ಮ ಯೋಗ್ಯತೆಗೆ ಮೀರಿ ಹಣ ಚೆಲ್ಲುವರೆಂಬುದನ್ನೂ ಗಮನಿಸಬೇಕಂತೆ. ಇದನ್ನು ಹೇಳಿದಾಗ ಅಳಿಯಂದಿರು ಸುತ್ತಲೂ ಒಮ್ಮೆ ನೋಡಿದರು. ಚಾಣಕ್ಯನನ್ನು ಜಾರ್ಜಿನ ಯಜಮಾನನು ಓದಿರಲಾರನು. ಆದರೂ ದಣಿದವನೊಬ್ಬನು ಗದ್ದಲದಿಂದ ಒಂದು ಗೋಡೆಯಷ್ಟಾದರೂ ದೂರ ಕೂರಲು ಬಯಸುವನೆಂಬುದು ಇಬ್ಬರಿಗೂ ತಿಳಿದಿದ್ದಿತು.

ಗೋಡೆಯ ಮೇಲೆ ಅಗಲ ಮುಖದ ಹಳೆಯ ಗಡಿಯಾರವೊಂದಿದೆ. ಇದನ್ನು ಪಾರ್ಲಿಮೆಂಟಿನ ಗಡಿಯಾರವೆನ್ನುವರು. ೧೭೯೭ರಲ್ಲಿ ಪ್ರಧಾನಿ ಪಿಟ್ಟನು ಗಡಿಯಾರಗಳ ಮೇಲೆ ತೆರಿಗೆ ಹಾಕಿದನಂತೆ, ಜನ ತಮ್ಮ ಗಡಿಯಾರಗಳನ್ನು ಬಿಟ್ಟುಕೊಟ್ಟರಂತೆ, ಆದುದರಿಂದ ಪಾಂಥಶಾಲೆಗಳವರು ಎಲ್ಲರಿಗೂ ಕಾಣುವಂತೆ ದೊಡ್ಡ ಗಡಿಯಾರಗಳನ್ನು ತೂಗುಹಾಕಿದರಂತೆ. ತೆರಿಗೆ ಹಾಕಿದುದು ನಿಜ. ಮರುವರ್ಷವೇ ಅದನ್ನು ತೆಗೆದುಹಾಕಿದುದೂ ನಿಜ. ಆದರೆ ಇಂಥ ಗಡಿಯಾರಗಳು ಆ ಕಾಯಿದೆಗಿಂತ ಎಷ್ಟೋ ದಶಕಗಳ ಹಿಂದಿನಿಂದಲೂ ಪಾಂಥಶಾಲೆಗಳಲ್ಲಿದ್ದುವು. ಸಾರೋಟು ಹೊತ್ತಿಗೆ ಸರಿಯಾಗಿ ಹೊರಡಬೇಕಾದ ಕಡೆ ಗಡಿಯಾರಕ್ಕೆ ಕಾಯಿದೆಯ ನೆಪ ಏಕೆ ಬೇಕು? ಹೆಸರು ಮಾತ್ರ ಅಂಟಿಕೊಂಡಿತು.

ಇಂಥದೇ ಇನ್ನೊಂದು ಮಾತು ಅಲ್ಲಿ ಸುತ್ತಾಡುತ್ತಿದೆ: ಶೇಕ್ಸ್‌ಪಿಯರ್ ಮಹಾಕವಿಯು ಈ ಮನೆಯಲ್ಲಿ ಕುಳಿತಿದ್ದನು, ಈ ಕೈಸಾಲೆಗಳ ಕೆಳಗೆ ಅವನ ನಾಟಕ ನಡೆಯಿತು ಎಂದು. ಪಕ್ಕದ ಬೆಂಚಿನಲ್ಲಿದ್ದ ಪ್ರವಾಸಿಗಳೊಬ್ಬರು ತಮ್ಮ ಮಕ್ಕಳಿಗೆ ಇದನ್ನೇ ಹೇಳುತ್ತಿದ್ದರು. ಮಕ್ಕಳ ಮುಂದೆ ತಪ್ಪು ಹೇಳಿದರೆ ತಿದ್ದದೆ ಇರಲಾರದ ಹಳೆಯ ಚಾಳಿ ನಮ್ಮದು. ಅಳಿಯಂದಿರು ಮೊಣಕೈಯನ್ನು ಹಿಡಿದುದರಿಂದ ಸುಮ್ಮನಾದೆವು. ಇಲ್ಲಿಯಾದರೂ ಹೇಳಿಬಿಡುವೆವು. ಕವಿಯು ತೀರಿಕೊಂಡುದು ೧೬೧೬ರಲ್ಲಿ. ೧೬೭೬ರ ಮೇ ತಿಂಗಳಲ್ಲಿ ಸದರ್ಕಿನಲ್ಲಿ ಮಹಾಗ್ನಿಯೆದ್ದು ನೂರಾರು ಮನೆಗಳೊಂದಿಗೆ ಜಾರ್ಜ್, ಟ್ಯಾಬರ್ಡ್, ವೈಟ್ ಹಾರ್ಟ್ ಮೂರೂ ಸುಟ್ಟುಹೋದುವು. ಈಗ ನಿಂತಿರುವುದು ೧೬೭೭ರಲ್ಲಿ ಹೊಸದಾಗಿ ಎಬ್ಬಿಸಿದ ಮನೆ. ಕವಿಯ ಮರಣಕ್ಕೂ ಈ ತೊಲೆಗಳಿಗೂ ಅರವತ್ತೊಂದು ವರ್ಷದ ಅಂತರ. ಅವನ ಗ್ಲೋಬ್ ನಾಟಕಶಾಲೆ ೧೫೯೯ರಲ್ಲಿ ಇದೇ ಪೇಟೆಯಲ್ಲಿ ಆಯಿತಾದುದರಿಂದ ಹಿಂದಿನ ಜಾರ್ಜಿಗೆ ಅವನು ಬಂದಿರಬಾರದೆಂದೇನೂ ಇಲ್ಲ. ಆದರೆ ಬರಬಹುದಾಗಿದ್ದಿತೆಂಬುದು ಬಂದನೆಂಬುದಕ್ಕೆ ಪ್ರಮಾಣವಾಗದು.

ಹಾಗೆಂದು ಅಂಗಳಕ್ಕೂ ನಾಟಕಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ನಗರದ ಬುಲ್, ಬೆಲ್ ಸ್ಯಾವೇಜ್ ಮೊದಲಾದ ಕೆಲವು ಪಾಂಥಶಾಲೆಗಳಲ್ಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ನಾಟಕಗಳು ನಡೆದುವು. ೧೫೭೬ರಲ್ಲಿ ಜೇಮ್ಸ್ ಬರ್ಬೇಜನು ನಾಟಕಕ್ಕಾಗಿಯೇ ಮನೆ ಕಟ್ಟಿಸಿದಾಗ ಅದಕ್ಕೂ ನಡುವೆ ಬಯಲು, ಸುತ್ತಲೂ ಒಂದರ ಮೇಲೊಂದು ಕೈಸಾಲೆ. ಪಾಂಥಶಾಲೆಯ ಅಂಗಳವೇ ನಾಟಕಶಾಲೆಯ ತಾಯಿಯೆಂದು ಕೆಲವರೂ, ಕರಡಿಯಾಟದ ಕಟ್ಟೆಯೇ ತಾಯಿಯೆಂದು ಕೆಲವರೂ ವಾದಿಸುವರು. ನಾವು ಆ ವಾದಕ್ಕೆ ಹೋಗುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಶೇಕ್ಸ್‌ಪಿಯರನ ನಾಟಕಗಳನ್ನು ಈ ಅಂಗಳದಲ್ಲಿ ಆಡಿದುದಂತೂ ಉಂಟು. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಅದಕ್ಕೆ ಇದಕ್ಕಿಂತ ಒಪ್ಪುವ ಜಾಗ ಬೇಡವೆನಿಸುವುದು.

ಆದರೆ ವಾಚಕರು ಒಂದನ್ನು ಗಮನಿಸಿರಬಹುದು. ಅಂಗಳದ ಮೂರು ಕಡೆಗೂ ಮಹಡಿಗಳೆಂದೆವು. ವರ್ಣಿಸಿದುದು ದಕ್ಷಿಣದ ಒಂದು ಪಾರ್ಶ್ವವನ್ನು ಮಾತ್ರ. ಉಳಿದುವೆಲ್ಲಿ?

೧೮೩೬ರಲ್ಲಿ ಎರಡು ಸಂಗತಿಗಳು ನಡೆದುವು. ಡಿಕನ್ಸನು ಪಿಕ್‌ವಿಕ್ ಕಥೆಯನ್ನು ತಿಂಗಳಿಗೊಂದು ಕಂತಿನಂತೆ ಹೊರಡಿಸಲು ತೊಡಗಿ, ಸದರ್ಕಿನ ಹಳೆಯ ಪಾಂಥಶಾಲೆಗಳ ಕೈಸಾಲೆಗಳನ್ನೂ ಮೆಟ್ಟಲುಗಳನ್ನೂ ವರ್ಣಿಸಿದನು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಆ ಅಂಗಳಗಳಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ದೂರದಲ್ಲಿ, ಲಂಡನ್ ಬ್ರಿಜ್ ಎಂಬ ರೈಲು ನಿಲ್ದಾಣ ತೆರೆಯಿತು. ಸುಮಾರು ಹತ್ತು ಮೈಲಿಗೊಮ್ಮೆ ಕುದುರೆ ಬದಲಿಸುತ್ತ ದಿನವೆಲ್ಲ ಓಡುತ್ತಿದ್ದ ಸಾರೋಟಿಗೆ ಮೃತ್ಯು ಬಂದುದು ಹೀಗೆ. ಕೆಂಟಿನಿಂದ ಬರುವವನು ಸಂಜೆಯೊಳಗೆ ಬಂದು ಹಿಂದಿರುಗಬಹುದಾದ ಮೇಲೆ ಸೇತುವೆಯ ಬಾಯಲ್ಲಿ ಹಾಸಿಗೆ ಏತಕ್ಕೆ? ಒಂದೊಂದೇ ಲಾಯ ಬರಿದಾಯಿತು. ಟ್ಯಾಬರ್ಡಿನ ಜಾಗದಲ್ಲಿ ಎದ್ದಿದ್ದ ಮನೆಯನ್ನು ೧೮೭೦ರ ದಶಕದಲ್ಲಿ ಕೆಡವಿದರು. ವೈಟ್ ಹಾರ್ಟನ್ನು ೧೮೮೯ರಲ್ಲಿ ಕೆಡವಿದರು. ಜಾರ್ಜ್ ಗ್ರೇಟ್ ನಾರ್ದರ್ನ್ ರೈಲ್ವೆ ಕಂಪೆನಿಯ ಕೈಸೇರಿತು. ಸರಕಿನ ಉಗ್ರಾಣಕ್ಕೆ ಎಡೆ ಬೇಕೆಂದು ಆ ಕಂಪೆನಿಯವರೂ ಅದೇ ೧೮೮೯ರಲ್ಲಿ ಉತ್ತರದ ಪಾರ್ಶ್ವವನ್ನೂ ನಡುವಣ ಪಾರ್ಶ್ವವನ್ನೂ ನೆಲಸಮಮಾಡಿದರು. ದಕ್ಷಿಣದ ಪಾರ್ಶ್ವ ಒಂದು ಉಳಿಯಿತು.

ಇದನ್ನು ಕೇಳಿದಾಗ ನಮಗೆ ಬಂದ ಮೊದಲನೆಯ ಭಾವ ಕೋಪ. ಗಿರಾಕಿಗಳನ್ನು ಕಸಿದುಕೊಂಡವರೇ ಬಂದು ಮನೆಯನ್ನೂ ಕಿತ್ತರಲ್ಲ ಎಂದು. ಸ್ವಲ್ಪ ತಣ್ಣಗಾದ ಮೇಲೆ ಯೋಚಿಸಿದೆವು. ಆ ಕಂಪೆನಿಯವರಿಗೆ ಅದು ಹಳೆಯ ಲಾಯಗಳ ಒಂದು ಗುಂಪು. ಅದರಲ್ಲಿ ರಾಜನೊಬ್ಬನು ಹುಟ್ಟಲಿಲ್ಲ, ಒಪ್ಪಂದವೊಂದಕ್ಕೆ ರುಜುವಾಗಲಿಲ್ಲ. ಅಲ್ಲಿ ಮಲಗಿ ಎದ್ದು ಹೋದವರು ಹಾಪ್ ಹೂವಿನ ಮೂಟೆ ತಂದವರು, ಬಟ್ಟೆ ತಂದವರು, ನಗರದಲ್ಲಿ ವ್ಯಾಜ್ಯವಿದ್ದವರು, ಕೆಲಸ ಹುಡುಕಿ ಬಂದವರು. ಅಂಥವರ ಹೆಸರುಗಳನ್ನು ಯಾರು ಬರೆದಿಟ್ಟರು? ಅವರು ಇದ್ದರೆಂಬುದಕ್ಕೆ ಸಾಕ್ಷಿ ಆ ಕಟಾಂಜನದ ಮೇಲ್ಮರ ಮಾತ್ರ. ಅರಮನೆಯನ್ನು ಕೆಡವಿದರೆ ಗ್ರಂಥಗಳಲ್ಲಿ ಅದರ ವೃತ್ತಾಂತ ಉಳಿಯುವುದು. ಪಾಂಥಶಾಲೆಯನ್ನು ಕೆಡವಿದರೆ ಗಾಡಿಯವನ ವೃತ್ತಾಂತ ಅಲ್ಲಿಗೆ ಮುಗಿಯಿತು.

ಗ್ರೇಟ್ ನಾರ್ದರ್ನ್ ಕಂಪೆನಿಯು ೧೯೨೩ರಲ್ಲಿ ಇನ್ನೂ ದೊಡ್ಡದಾದ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಯಲ್ಲಿ ಲೀನವಾಯಿತು. ಆ ಉತ್ತರಾಧಿಕಾರಿಗಳು ೧೯೩೭ರಲ್ಲಿ ಉಳಿದ ಪಾರ್ಶ್ವವನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನವಾಗಿ ಕೊಟ್ಟರು. ಹಳೆಯ ಮನೆಗಳನ್ನೂ ಭೂಮಿಗಳನ್ನೂ ಜನತೆಗಾಗಿ ಕಾಪಾಡಲು ೧೮೯೫ರಲ್ಲಿ ಸ್ಥಾಪಿತವಾದ ಸಂಸ್ಥೆಯದು. ಕೆಡವಿದವರ ವಾರಸುದಾರರೇ ಉಳಿಸಿದವರೂ ಆದರು. ಇಂದು ಅದು ಕಾನೂನಿನ ರಕ್ಷಣೆಯಲ್ಲಿ ಅತ್ಯುನ್ನತ ವರ್ಗಕ್ಕೆ ಸೇರಿರುವುದು. ಲಂಡನ್ನಿನಲ್ಲಿ ಇಂಥ ಕೈಸಾಲೆಯ ಪಾಂಥಶಾಲೆ ಮತ್ತೊಂದಿಲ್ಲ. ಅಂಗಳದ ನಾಲ್ಕು ಕಡೆಯೂ ಕೆಡದೆ ಹೇಗಿದ್ದಿತೆಂದು ನೋಡಬೇಕಾದವರು ಗ್ಲಾಸ್ಟರ್ ಪಟ್ಟಣಕ್ಕೆ ಹೋಗಿ, ಹದಿನೈದನೆಯ ಶತಮಾನದಲ್ಲಿ ಅಲ್ಲಿಯ ಮಠದವರು ಯಾತ್ರಿಕರಿಗಾಗಿ ಕಟ್ಟಿಸಿದ ನ್ಯೂ ಇನ್ ಎಂಬುದನ್ನು ನೋಡಬೇಕು. ಐದುನೂರು ವರ್ಷ ಕಳೆದರೂ ಅದರ ಹೆಸರು ಹೊಸದೇ! ನಮಗೆ ಅಷ್ಟು ದೂರದ ಪ್ರಯಾಣ ಒದಗಲಿಲ್ಲ.

ಅಂಗಳದಲ್ಲಿ ಮರದ ಬೆಂಚುಗಳಿವೆ. ಅಳಿಯಂದಿರು ನಮಗೊಂದು ಕಿತ್ತಳೆಯ ರಸವನ್ನು ತಂದುಕೊಟ್ಟರು. ತಮಗೂ ಅದನ್ನೇ ತಂದುಕೊಂಡರು. ನಾವಿಲ್ಲದಿದ್ದರೆ ಏನು ತಂದುಕೊಳ್ಳುತ್ತಿದ್ದರೋ, ಅದನ್ನು ವಿಚಾರಿಸಲಿಲ್ಲ. ಸುತ್ತಲೂ ಕಚೇರಿ ಬಿಟ್ಟು ಬಂದವರು ಬೀರಿನ ಗಾಜುಗಳನ್ನು ಹಿಡಿದು ಗಟ್ಟಿಯಾಗಿ ಮಾತನಾಡುತ್ತಿದ್ದರು. ಮದ್ಯದ ವಿಷಯದಲ್ಲಿ ನಮ್ಮ ಅಭಿಪ್ರಾಯ ಆ ಅಂಗಳದಲ್ಲಿಯೂ ಬದಲಾಗಲಿಲ್ಲ, ಈಗಲೂ ಬದಲಾಗಿಲ್ಲ. ನಾವು ಮಾತ್ರ ಇಲ್ಲದ ಎರಡು ಪಾರ್ಶ್ವಗಳನ್ನು ಕಟ್ಟುತ್ತಿದ್ದೆವು. ಓಲೆಗರಿಯ ಹಳೆಯ ಗ್ರಂಥದಲ್ಲಿ ಹುಳು ತಿಂದು ಶ್ಲೋಕದ ಒಂದೇ ಪಾದ ಉಳಿದಿದ್ದರೆ, ಛಂದಸ್ಸು ಬಲ್ಲವನು ಉಳಿದ ಪಾದಗಳ ಮಾತ್ರೆಗಳನ್ನಾದರೂ ಹೇಳಬಲ್ಲನು, ಮಾತುಗಳು ತಿಳಿಯದಿದ್ದರೂ. ದಕ್ಷಿಣದ ಕೈಸಾಲೆಯ ಎತ್ತರವನ್ನು ಕಣ್ಣಿನಲ್ಲಿ ಹಿಡಿದು ಪೂರ್ವಕ್ಕೆ ತಿರುಗಿಸಿದೆವು, ಉತ್ತರಕ್ಕೆ ತಿರುಗಿಸಿದೆವು. ಅಲ್ಲೊಂದು ಬಾಗಿಲು, ಇಲ್ಲೊಂದು ಬಾಗಿಲು, ನಡುವೆ ಮೆಟ್ಟಲು, ಮೂಲೆಯಲ್ಲಿ ದೀಪ. ಸ್ವಲ್ಪ ಹೊತ್ತು ಅಂಗಳ ಪೂರ್ಣವಾಯಿತು. ಬಳಿಕ ಕಣ್ಣೆತ್ತಿದರೆ ಎದುರಿಗೆ ಹೊಸ ಕಾಲದ ಕಟ್ಟಡಗಳು, ಅವುಗಳ ಮೇಲೆ ೨೦೧೨ರಲ್ಲಿ ಮುಗಿದ ಶಾರ್ಡ್ ಎಂಬ ಗಾಜಿನ ಗೋಪುರ, ಸುಮಾರು ೩೧೦ ಮೀಟರು ಎತ್ತರ. ಜಾರ್ಜಿನ ಹೆಂಚಿನ ಮಾಡು ಅದರ ಪಾದಕ್ಕೂ ಬಾರದು.

ಹೊರಡುವ ಮುನ್ನ ಅಳಿಯಂದಿರು ಇನ್ನೊಂದು ವಿಷಯವನ್ನು ಹೇಳಿದರು. ಇದೇ ಬೀದಿಯಲ್ಲಿ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆಯ ಗೋಡೆಯೊಂದು ಉಳಿದಿದೆಯೆಂದು. ೧೮೨೪ರಲ್ಲಿ ಡಿಕನ್ಸನ ತಂದೆ ಅಲ್ಲಿ ಸೆರೆಯಲ್ಲಿದ್ದನು. ಆತ ಆದಾಯಕ್ಕೆ ಮೀರಿ ಖರ್ಚು ಮಾಡುತ್ತಿದ್ದವನು. ಹನ್ನೆರಡು ವರ್ಷದ ಹುಡುಗ ಓದನ್ನು ಬಿಟ್ಟು, ಜೋಡಿಗೆ ಹಚ್ಚುವ ಕಪ್ಪುಬಣ್ಣದ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿ, ಹತ್ತಿರದ ಲ್ಯಾಂಟ್ ಬೀದಿಯ ಬಾಡಿಗೆಯ ಕೋಣೆಯಲ್ಲಿದ್ದನು. ಮುಂದೆ ಆ ಸೆರೆಮನೆಯ ಸುತ್ತ ಅವನು ಬರೆದ ಲಿಟಲ್ ಡಾರಿಟ್ ಎಂಬ ಕಥೆಯಲ್ಲಿ ಜಾರ್ಜಿನ ಹೆಸರು ಒಂದು ಕಡೆ ಬರುವುದು. ಆ ಹುಡುಗನು ಕೆಲಸದಿಂದ ಬರುವಾಗಲೂ ತಂದೆಯನ್ನು ನೋಡಹೋಗುವಾಗಲೂ ಈ ಹೆಬ್ಬಾಗಿಲಿನ ಮುಂದೆಯೇ ಓಡಾಡಿರಬೇಕಲ್ಲವೇ ಎಂದು ಅಳಿಯಂದಿರು ಕೇಳಿದರು. ಆಗ ಮೂರು ಪಾರ್ಶ್ವಗಳೂ ಇದ್ದುವು, ಸಾರೋಟುಗಳೂ ಇದ್ದುವು. ನಮಗೆ ಅಮರಕೋಶದ ನಮ್ಮ ಹುಡುಗನ ನೆನಪು ಬಂದು ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಅವನು ಈಗ ಎಲ್ಲಿರುವನೋ.

ಗೋಡೆಯನ್ನು ನೋಡಲು ಹೋಗುವಷ್ಟು ಹೊತ್ತು ಉಳಿದಿರಲಿಲ್ಲ. ಮಗಳು ಅಡಿಗೆ ಮಾಡಿ ಕಾದಿರುವಳು. ಹೆಬ್ಬಾಗಿಲಿನಿಂದ ಹೊರಬಂದು ಬಲಕ್ಕೆ ತಿರುಗಿದೆವು. ಕೆಲವು ನಿಮಿಷ ನಡೆದರೆ ಲಂಡನ್ ಬ್ರಿಜ್ ನಿಲ್ದಾಣ. 'ಈ ರೈಲಿನಿಂದಲೇ ತಾನೇ ಎಲ್ಲ ಆದುದು' ಎಂದು ಗೊಣಗುತ್ತ ಅದನ್ನೇ ಹತ್ತಿ ಮನೆಗೆ ಬಂದೆವು.